ಹಲಗೆಗೋಡೆಯ ಹೊಟ್ಟೆ ತುಂಬಿಸುವ ಶಾಸ್ತ್ರ: ಒಂದು ಮಲೆನಾಡ ಮೀಮಾಂಸೆ

ಸಕಲೇಶಪುರ, ಆಲೂರು ಸೀಮೆಯ ಹಳೇ ಮನೆಗಳ ಹಲಗೆಗೋಡೆಗೆ ಚಳಿ ತಡೆಯುವ ಪದರ ತುಂಬಬೇಕೋ ಬೇಡವೋ ಎಂಬ ಚರ್ಚೆ ಪ್ರತಿವರ್ಷ ಆರಿದ್ರಾ ಮಳೆಗೆ ಹುಟ್ಟಿ ಮಘೆ ಮಳೆಗೆ ಸಾಯುತ್ತದೆ. ಇಷ್ಟು ಅಲ್ಪಾಯುಷಿಯಾದ ವಿಷಯವನ್ನು ಪಂಡಿತರು ಕೈಗೆತ್ತಿಕೊಳ್ಳದ್ದರಿಂದ ನಾವೇ ಎತ್ತಿಕೊಂಡಿದ್ದೇವೆ.

ಮೊದಲು ವಸ್ತುನಿರ್ದೇಶ. ಕೆಳಗೆ ಮಣ್ಣಿನ ಗೋಡೆ, ಮೇಲೆ ಉಪ್ಪರಿಗೆಗೆ ಹಲಸು, ಹೊನ್ನೆ, ಮತ್ತಿಯ ಹಲಗೆ. ಇದೇ ನಮ್ಮ ಪ್ರಮೇಯ. ಈ ಹಲಗೆ ಜಡವಸ್ತುವಲ್ಲ. ಶಿವರಾತ್ರಿ ಹೊತ್ತಿಗೆ ಎರಡು ಹಲಗೆಯ ಸಂದಿಯಲ್ಲಿ ಕಣ್ಣಿಟ್ಟರೆ ಕಾಫಿ ಕಣದ ಮೂಲೆಯಲ್ಲಿ ಯಾರು ಕೂತು ಬೀಡಿ ಸೇದುತ್ತಿದ್ದಾರೆಂದು ಹೇಳಬಹುದು. ಆಷಾಢದಲ್ಲಿ ಅದೇ ಸಂದಿಗೆ ಸೂಜಿ ಹೋಗದು. ಮರ ತೇವ ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಬಚ್ಚಲಿನ ಬಾಗಿಲು ಪುಷ್ಯ ಮಳೆಯಲ್ಲಿ ಹಾಕಿಕೊಳ್ಳದಿರುವುದಕ್ಕೆ ಬಡಗಿಯನ್ನು ಬೈಯುವುದು ಅಶಾಸ್ತ್ರೀಯ.

ಇನ್ನು ಪೂರ್ವಪಕ್ಷ. ಇದರ ಆಚಾರ್ಯರು ಬೆಂಗಳೂರಿನಿಂದ ಬರುವ ಅಳಿಯಂದಿರು. ಹಲಗೆಯ ಹಿಂದೆ ಥರ್ಮೋಕೋಲ್ ಇಲ್ಲವೇ ಗ್ಲಾಸ್ ವುಲ್ ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಪ್ಲೈವುಡ್ ಬಡಿಯಬೇಕೆಂಬುದು ಅವರ ಸೂತ್ರ. ಪ್ರಮಾಣವಾಗಿ ಅಂಕಿ ಕೊಡುತ್ತಾರೆ: ಅಲುಗಾಡದ ಗಾಳಿಯ ಶಾಖವಾಹಕತೆ ಸುಮಾರು 0.026, ಗ್ಲಾಸ್ ವುಲ್‌ನದು 0.04ರ ಆಸುಪಾಸು. ಬೆಚ್ಚಗಿಡುವುದು ಉಣ್ಣೆಯಲ್ಲ, ಅದು ಹಿಡಿದು ಕೂರಿಸಿದ ಗಾಳಿ. ಅಳಿಯನ ಮಾತಿಗೆ ಎದುರಾಡಬಾರದೆಂಬ ಲೋಕಾಚಾರವಿದ್ದರೂ ಒಂದು ಅಂಕಿ ಅವರು ಬಿಟ್ಟಿದ್ದಾರೆ: ನೀರಿನದು ಸುಮಾರು 0.6. ಅಂದರೆ ಗಾಳಿ ಕೂತ ಜಾಗದಲ್ಲಿ ನೀರು ಬಂದು ಕೂತರೆ ಶಾಖ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಸಲೀಸಾಗಿ ಹೊರಟುಹೋಗುತ್ತದೆ. ಬೆಲ್ಟಿಗೆ, ಚಪ್ಪಲಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಗೋಡೆಯೊಳಗಿನ ಉಣ್ಣೆ ಒಂದೇ ಒಣಗಿರುತ್ತದೆಂದು ನಂಬುವುದು ಶ್ರದ್ಧೆಯ ವಿಷಯ.

ಭತ್ತದ ಹೊಟ್ಟು ತುಂಬುವ ಪಂಥವೂ ಉಂಟು. ಒಣಗಿದ್ದಷ್ಟು ದಿನ ಹೊಟ್ಟು ಒಳ್ಳೆಯ ಪದರವೇ. ಇಲಿಗಳ ಅಭಿಪ್ರಾಯವೂ ಹಾಗೇ ಇದೆ. ರಾತ್ರಿ ದೀಪ ಆರಿಸಿದ ಮೇಲೆ ಗೋಡೆಗೆ ಕಿವಿ ಕೊಟ್ಟರೆ ಕೇಳಿಸುತ್ತದೆ.

ಪ್ಲಾಸ್ಟಿಕ್ ಹಾಳೆಯ ಪ್ರಕರಣ ಇನ್ನೂ ಸೂಕ್ಷ್ಮ. ಚಳಿದೇಶದಲ್ಲಿ ಮನೆಯೊಳಗಿನ ಹಬೆ ಗೋಡೆಯ ತಣ್ಣನೆಯ ಬದಿಗೆ ಹೋಗಿ ನೀರಾಗದಂತೆ ಹಾಳೆಯನ್ನು ಒಳಬದಿಗೆ ಹಾಕುತ್ತಾರೆ. ನಮ್ಮಲ್ಲಿ ಹಂಡೆ ನೀರಿನ ಹಬೆ, ಗಂಜಿಯ ಹಬೆ, ಒಲೆಯ ಮೇಲಿನ ತಂತಿಯಲ್ಲಿ ನಾಲ್ಕು ದಿನದಿಂದ ಒಣಗುತ್ತಿರುವ ಪಂಚೆಯ ಹಬೆ ಒಳಗೆ. ಹೊರಗೆ ಮೋಡವೇ ಅಂಗಳಕ್ಕಿಳಿದಿರುತ್ತದೆ. ಹಾಳೆಯನ್ನು ಯಾವ ಬದಿಗೆ ಹಾಕಿದರೂ ಒಳಸೇರಿದ ತೇವಕ್ಕೆ ಹೊರಹೋಗುವ ದಾರಿ ಮುಚ್ಚಿದಂತೆಯೇ. ಆಮೇಲೆ ಗೆದ್ದಲಿಗೆ ಪ್ರತ್ಯೇಕ ಆಮಂತ್ರಣ ಬೇಡ.

ಇದಕ್ಕೆ ಪರದೇಶದ ದೃಷ್ಟಾಂತವಿದೆ. ಕೆನಡಾದ ವ್ಯಾಂಕೂವರ್ ನಮ್ಮಂಥದೇ ಮಳೆಯೂರು. 1980, 90ರ ದಶಕಗಳಲ್ಲಿ ಅಲ್ಲಿ ಕಟ್ಟಿದ ಸಾವಿರಾರು ಫ್ಲಾಟುಗಳ ಗೋಡೆಗೆ ನುಗ್ಗಿದ ನೀರು ಹೊರಬರಲಾಗದೆ ಮರದ ಚೌಕಟ್ಟು ಕೊಳೆತುಹೋಯಿತು. 1998ರಲ್ಲಿ ಮಾಜಿ ಪ್ರೀಮಿಯರ್ ಡೇವ್ ಬ್ಯಾರೆಟ್ ನೇತೃತ್ವದಲ್ಲಿ ವಿಚಾರಣಾ ಆಯೋಗವೇ ಕೂತಿತು. ತಮಾಷೆಯೆಂದರೆ, ಮಳೆ ತಡೆಯುವ ಹೊದಿಕೆಗೂ ಗೋಡೆಗೂ ನಡುವೆ ಗಾಳಿಯಾಡುವ ಸಂದಿ ಬಿಡುವ ತತ್ವವನ್ನು ಅದೇ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಗಾರ್ಡನ್ ಎಂಬುವರು 1963ರಲ್ಲೇ ಬರೆದು ಪ್ರಕಟಿಸಿದ್ದರು.

ಗಾರ್ಡನ್ ಅವರು ಆಲೂರಿಗೆ ಬಂದಿದ್ದರೆಂದು ಸಾಧಿಸುವ ಆಸೆ ನಮಗಿತ್ತು. ಆಧಾರ ಸಾಲದೆ ಕೈಬಿಟ್ಟೆವು. ಆಸೆ ಹುಟ್ಟಿದ್ದು ಯಾಕೆಂದರೆ, ಅವರು ಬರೆದದ್ದು ನಮ್ಮ ಇರಚಲು ತಟ್ಟಿಯ ವರ್ಣನೆ. ಮಳೆ ಹಿಡಿಯುವ ಮುಂಚೆ ಗೋಡೆಯಿಂದ ಮೊಳದಷ್ಟು ದೂರಕ್ಕೆ ಬಿದಿರು ಕಟ್ಟಿ, ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ಹೆಣೆದು ನಿಲ್ಲಿಸುತ್ತಾರೆ. ಇರಚಲಿನ ಏಟು ಸೋಗೆಗೆ, ನೀರು ನೆಲಕ್ಕೆ, ಹಿಂದೆ ಸುಳಿಯುವ ಗಾಳಿ ಹಲಗೆಗೆ. ದೀಪಾವಳಿ ಹೊತ್ತಿಗೆ ತಟ್ಟಿ ಬಿಚ್ಚಿದರೆ ಒಲೆಗೆ ಉರಿಯೂ ಆಯಿತು. ಇಷ್ಟು ಪರಿಪೂರ್ಣ ಸಿದ್ಧಾಂತಕ್ಕೆ ಒಂದೂ ಭಾಷ್ಯ ಹುಟ್ಟದೆ ಹೋದದ್ದು, ಕಟ್ಟುವವರು ಮಳೆ ಶುರುವಾಗುವ ಮುಂಚೆ ಮುಗಿಸುವ ಗಡಿಬಿಡಿಯಲ್ಲಿದ್ದರೆಂಬ ಒಂದೇ ಕಾರಣಕ್ಕೆ.

ಅಳಿಯಂದಿರು ಇಲ್ಲಿ ಕೇಳಬಹುದು: ತಟ್ಟಿ ಮಳೆಗಾಯಿತು, ಚಳಿಗೇನು? ಉತ್ತರಕ್ಕೆ ಅವರನ್ನು ಅಟ್ಟಕ್ಕೆ ಹತ್ತಿಸಿ ತಲೆಯೆತ್ತಲು ಹೇಳಬೇಕು. ಮಂಗಳೂರು ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತದೆ. ಒಳಗಿನ ಬಿಸಿಗಾಳಿ ಮೇಲೇರಿ ಅಲ್ಲಿಂದಲೇ ಹೋಗುವಾಗ ಗೋಡೆಗೆ ಉಣ್ಣೆ ತುಂಬುವುದು, ತಲೆಗೆ ಕೊಪ್ಪೆಯಿಲ್ಲದೆ ಕಾಲಿಗೆ ಗಂಬೂಟು ಏರಿಸಿದಂತೆ. ಮೊದಲು ಹೆಂಚಿನಡಿಗೆ ಹಲಗೆಯ ಮುಚ್ಚಿಗೆ, ಹೊರಗೆ ತಟ್ಟಿ, ಹಲಗೆಯ ಹಿಂದಿನ ಸಂದಿ ಖಾಲಿ. ಸೋಗೆ ಹೆಣೆಯುವ ಆಳು ಸಿಗದಿದ್ದರೆ ನೀಲಿ ಟಾರ್ಪಾಲೂ ಆದೀತು, ಆದರೆ ಬಿದಿರಿನ ಮೇಲೆ, ಗೋಡೆಗೆ ತಾಗದಂತೆ. ಮೊಳೆ ಹೊಡೆದು ಹಲಗೆಗೇ ಅಂಟಿಸಿದರೆ ಅದು ಟಾರ್ಪಾಲಲ್ಲ, ಹಿಂದೆ ಹೇಳಿದ ಪ್ಲಾಸ್ಟಿಕ್ ಹಾಳೆಯ ಪುನರ್ಜನ್ಮ.

ಉಳಿದದ್ದು ಹೋಂಸ್ಟೇ ಆಕ್ಷೇಪ. ಅತಿಥಿಗಳು ಬರುವುದೇ ಜುಲೈ ಮಳೆ ನೋಡಲು, ಫೋಟೋದಲ್ಲಿ ಅವರಿಗೆ ಹಳೇ ಹಲಗೆ ಕಾಣಬೇಕು, ಆದ್ದರಿಂದ ತಟ್ಟಿ ಬಿಚ್ಚಿ ಎಂದು ಮಾಲೀಕರ ವಾದ. ಹಲಗೆಯ ಫೋಟೋವನ್ನು ಜನವರಿಯಲ್ಲೇ ತೆಗೆದಿಟ್ಟುಕೊಂಡು, ಜುಲೈನಲ್ಲಿ ಬಂದವರನ್ನು ತಟ್ಟಿಯ ಮುಂದೆ ನಿಲ್ಲಿಸಿ ಬಾಡಿಗೆಯ ಮೇಲೆ ನೂರು ರೂಪಾಯಿ ಹೆಚ್ಚಿಗೆ ಪಡೆಯತಕ್ಕದ್ದು.