ಪೇಟಿಗೊಂದು ಸೀಟು

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಊರಿಗೊಬ್ಬ ಪೇಟಿ ಮಾಸ್ತರ ಇದ್ದೇ ಇರುತ್ತಾರೆ. ಶ್ರಾವಣದ ಭಜನೆಗೆ ಅವರೇ, ಗಣಪತಿ ಮುಂದಿನ ಆರತಿಗೆ ಅವರೇ, ಶಾಲೆಯ ಗ್ಯಾದರಿಂಗಿಗೂ ಅವರೇ. ಹೊಟ್ಟೆಪಾಡು ಹೇಗೆ ನಡೆಯುತ್ತದೋ ಯಾರಿಗೂ ಗೊತ್ತಿಲ್ಲ. ಕೇಳಿದರೆ ಟೊಪ್ಪಿಗೆ ಸರಿಮಾಡಿಕೊಂಡು “ಸರಸ್ವತಿ ನಡಸ್ತಾಳ್ರಿ” ಎನ್ನುತ್ತಾರೆ. ನವೆಂಬರ್ ಬಂತೆಂದರೆ ಇವರ ಮುಖಕ್ಕೆ ಎಲ್ಲಿಲ್ಲದ ಕಳೆ. ರಾಜ್ಯೋತ್ಸವ ನಮ್ಮ ಗಡಿಯಲ್ಲಿ ಒಂದನೇ ತಾರೀಖಿಗೆ ಮುಗಿಯುವ ಹಬ್ಬವಲ್ಲ, ತಿಂಗಳಿಡೀ ಎಲ್ಲಾದರೊಂದು ಕಡೆ ಪೆಂಡಾಲು ಎದ್ದಿರುತ್ತದೆ. ಹದಿನೆಂಟು ಹುಡುಗಿಯರ ತಂಡ ಕಟ್ಟಿಕೊಂಡು ಮಾಸ್ತರರು ತಾಲೂಕು ತಾಲೂಕು ಸುತ್ತುತ್ತಾರೆ. ಹೋಗುವಾಗ ಎಷ್ಟು ಹುಡುಗಿಯರಿದ್ದರೋ ಬರುವಾಗಲೂ ಅಷ್ಟೇ ಇದ್ದಾರೆಯೇ ಎಂದು ನೋಡಿಕೊಳ್ಳಲು ಜೊತೆಗೊಬ್ಬ ಅಕ್ಕೋರನ್ನು ಕಳಿಸುವುದು ವಾಡಿಕೆ. ಹಾಡಲು ಬಾರದವರನ್ನೇ ಈ ಕೆಲಸಕ್ಕೆ ಆರಿಸುತ್ತಾರೆ. ಆದ್ದರಿಂದ ನನ್ನ ಹೆಸರಿಗೆ ಎದುರಾಳಿಯೇ ಇರಲಿಲ್ಲ.

ಮುಂಜಾನೆ ಟೆಂಪೋ ಬಂದು ನಿಂತ ಕೂಡಲೇ ಮಾಸ್ತರರು ಎಲ್ಲರಿಗಿಂತ ಮೊದಲು ಏರಿ, ಕಿಟಕಿ ಪಕ್ಕದ ಸೀಟಿಗೆ ಟಾವೆಲ್ ಹಾಸಿ ತಮ್ಮ ಹಾರ್ಮೋನಿಯಂ ಪೇಟಿಯನ್ನು ಕೂಡಿಸಿದರು. ಹುಡುಗಿಯರೆಲ್ಲ ಒತ್ತಿಕೊಂಡು ಕುಳಿತರು. ನನಗೆ ಸಿಕ್ಕಿದ್ದು ಬಾಗಿಲ ಬಳಿ ಅರ್ಧ ಸೀಟು.

“ಮಾಸ್ತರ್ರ, ಪೇಟಿ ಕೆಳಗ ಇಟ್ರ ನಾನೂ ಕುಂಡ್ರತೀನಲ್ರಿ.”

“ಅಕ್ಕೋರ, ರೀಡ್ ಅಲಗಾಡತಾವ್ರಿ. ನಿಮಗೇನಾಗತೈತಿ, ನೀವು ಗಟ್ಟಿ ಅದೀರಿ.”

ಈ ಪ್ರಶಂಸೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನಾದೆ. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ಮಾಸ್ತರರ ಕೈ ಅಡ್ಡ ಚಾಚುತ್ತಿದ್ದುದು ಪೇಟಿಗೆ. ಮುಂದಕ್ಕೆ ಮುಗ್ಗರಿಸುತ್ತಿದ್ದವಳು ನಾನು. ಬಿಸಿಲು ಏರಿದಾಗ ಪೇಟಿಗೆ ಕಾವು ತಗಲುತ್ತದೆಂದು ನನ್ನ ಶಾಲು ಕೇಳಿ ಇಸಿದುಕೊಂಡರು. ಚಹಕ್ಕೆ ನಿಲ್ಲಿಸಿದಾಗ ನಾವೆಲ್ಲ ಇಳಿದೆವು, ಪೇಟಿಯನ್ನು ಕಾಯಲು ಕ್ಲೀನರ್ ಹುಡುಗನನ್ನು ಕೂಡಿಸಲಾಯಿತು. ಅವನು ಕುತೂಹಲಕ್ಕೆ ಒಂದು ಮಣೆ ಒತ್ತಿದನಂತೆ. ಹೊರಗೆ ನಿಂತಿದ್ದ ಮಾಸ್ತರರು ಬಸಿ ಕೈಯಲ್ಲಿದ್ದಂತೆಯೇ ಓಡಿದರು. ಚಹ ಅರ್ಧ ನನ್ನ ಸೀರೆಯ ನಿರಿಗೆಗೆ, ಅರ್ಧ ಚಿಕ್ಕೋಡಿ–ನಿಪ್ಪಾಣಿ ರಸ್ತೆಗೆ.

ಪೇಟಿಯ ಬಗ್ಗೆ ಯಾರಾದರೂ ಹಗುರ ಮಾತಾಡಿದರೆ ಮಾಸ್ತರರು ನೇರ 1940ಕ್ಕೆ ಹೋಗುತ್ತಾರೆ. ಆ ವರ್ಷದಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡ್ ಅದರಲ್ಲಿ ಬಾರದು, ಅದು ಪರದೇಶದ ವಾದ್ಯ ಎಂಬುದು ಆಕ್ಷೇಪ. ಮಾಸ್ತರರು ಹುಟ್ಟಿದ್ದೇ ಆ ನಿಷೇಧ ತೆಗೆಯುವ ಹೊತ್ತಿಗೆ, ಆದರೂ ಮೂವತ್ತು ವರ್ಷ ತಾವೇ ರೇಡಿಯೋ ಸ್ಟೇಷನ್ನಿನ ಗೇಟಿನಲ್ಲಿ ನಿಂತು ಬಂದವರಂತೆ ಹೇಳುತ್ತಾರೆ.

ನಿಪ್ಪಾಣಿಗೆ ಬಂದೆವು. ತಂಬಾಕಿನ ಪೇಟೆ, ಗಾಳಿಯಲ್ಲೇ ಘಾಟು. ಹುಡುಗಿಯರ ಕಣ್ಣು ವಡಾಪಾವ್ ಗಾಡಿಯ ಮೇಲೆ. ಮಾಸ್ತರರ ನಿಷೇಧಪಟ್ಟಿ ಆಕಾಶವಾಣಿಯದಕ್ಕಿಂತ ಉದ್ದ: ಎಣ್ಣೆಯದು ಬೇಡ, ಮೊಸರು ಬೇಡ, ಹುಣಸೆ ಬೇಡ, ಪೇರಲ ಬೇಡ, ಥಂಡಾ ಅಂತೂ ಹೆಸರೆತ್ತಬೇಡ. ಎಲ್ಲರ ಬಾಯಿಗೂ ಒಂದೊಂದು ಚೂರು ಜೇಷ್ಠಮಧು. ಕಂಠ ಕಾಪಾಡುವ ಈ ಉಪದೇಶ ಮಾಡುವಾಗ ಅವರ ಎಡ ಅಂಗೈಯಲ್ಲಿ ತಂಬಾಕು, ಬಲ ಹೆಬ್ಬೆರಳಲ್ಲಿ ಸುಣ್ಣ. ಹಾಡು ಮುಗಿಸಿ ಬಂದಾಗ ಹುಡುಗಿಯರ ಕೈಬೆರಳೆಲ್ಲ ವಡಾದ ವಾಸನೆ ಬರುತ್ತಿತ್ತು. ಯಾವಾಗ ತಿಂದರೋ ನಾನು ಕಾಣೆ. ಕಂಡಿದ್ದರೂ ನನ್ನ ಪಾಲಿನದು ಆಗಲೇ ಮುಗಿದಿತ್ತು.

ವೇದಿಕೆಯಲ್ಲಿ ಮಾಸ್ತರರಿಗೂ ಸಂಘಟಕರಿಗೂ ಇರುವ ಹಳೇ ಜಗಳ ನಾಡಗೀತೆಯದು. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಹೇಳಿತು. ಅಂದಿನಿಂದ ಸಂಘಟಕರು ಮೊಬೈಲಿನಲ್ಲಿ ಗಡಿಯಾರ ಹಚ್ಚಿಕೊಂಡು ಎದುರಿಗೇ ನಿಲ್ಲುತ್ತಾರೆ. “ಎರಡೂವರೆ ನಿಮಿಷದಾಗ ನಾನು ಪೇಟಿ ಬಿಚ್ಚೂದೂ ಆಗೂದಿಲ್ಲ” ಎನ್ನುತ್ತಾರೆ ಮಾಸ್ತರರು. ಅದೇ ವರ್ಷ ಅಕ್ಟೋಬರ್ 28ಕ್ಕೆ ನಾಡಿನ ತುಂಬ ಕೋಟಿ ಕಂಠ ಗಾಯನ ನಡೆದಾಗ ಊರೆಲ್ಲ ಹೆಮ್ಮೆಪಟ್ಟಿತು. ಇವರೊಬ್ಬರಿಗೆ ಇಂದಿಗೂ ಸಮಾಧಾನವಿಲ್ಲ. “ಕೋಟಿ ಮಂದಿ ಹಾಡಿದ್ರು, ಖರೆ. ಅಷ್ಟೂ ಮಂದಿಗಿ ‘ಸಾ’ ಕೊಟ್ಟಾವ್ರು ಯಾರ್ರೀ?”

ನಮ್ಮ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮಾಸ್ತರರು ಬೈಯುವುದು ಕನ್ನಡದಲ್ಲಿ, ಶಾಬಾಸ್ ಹೇಳುವುದು ಮರಾಠಿಯಲ್ಲಿ. ಹೀಗಾಗಿ ಮರಾಠಿ ಅಪರೂಪಕ್ಕೆ ಕೇಳಿಬರುತ್ತದೆ.

ರಾಯಬಾಗದ ದಾರಿಯಲ್ಲಿ ಅವರ ಮತ್ತೊಂದು ಖಾಯಂ ಕಥೆ ಶುರುವಾಯಿತು. 1924ರ ಡಿಸೆಂಬರ್, ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಧಾರವಾಡದಿಂದ ಬಂದು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು. “ಅವತ್ತ ಅವರೂ ನಿಮ್ಮಂಗ ಸಾಲಿ ಹುಡುಗೀನs. ಹಿಂಗ ಸಾಲಾಗಿ ನಿಂತು ಹಾಡಿದ್ರು” ಎಂದು ಮಾಸ್ತರರು ಧ್ವನಿ ಏರಿಸಿದಾಗ, ಹಿಂದಿನ ಸೀಟಿನಿಂದ ಒಂದು ಸಣ್ಣ ಪ್ರಶ್ನೆ ಬಂತು: “ಸರ್ರ, ಅವರಿಗಿ ಊಟಕ್ಕ ಏನ್ ಕೊಟ್ಟಿದ್ರ್ರಿ?”

ಟೆಂಪೋ ತುಂಬ ನಗು. ಮಾಸ್ತರರು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಆ ದಿನ ಗಂಗೂಬಾಯಿಯವರನ್ನು ಕಾಡಿದ್ದು ಊಟದ್ದೇ ಚಿಂತೆ. ಜಾತಿಯ ಕಾರಣಕ್ಕೆ ಪಂಕ್ತಿಯಲ್ಲಿ ತನ್ನನ್ನು ಬೇರೆ ಕೂಡಿಸುತ್ತಾರೇನೋ ಎಂಬ ಅಳುಕನ್ನು ಅವರು ಮುಂದೆ ದೊಡ್ಡ ಗಾಯಕಿಯಾದ ಮೇಲೂ ನೆನೆಯುತ್ತಿದ್ದರು. ರಾಯಬಾಗದಲ್ಲಿ ಊಟಕ್ಕೆ ಕುಳಿತಾಗ ಮಾಸ್ತರರು ಬಡಿಸುವವರ ಹಿಂದೆಯೇ ಅಡ್ಡಾಡಿ, ಪ್ರತಿ ಹುಡುಗಿಯ ತಾಟಿಗೂ ಶೇಂಗಾ ಹೋಳಿಗೆ ಬಿತ್ತೇ ಎಂದು ನೋಡಿದರು. ಕರಿದ ಮಿರ್ಚಿ ಬಂದಾಗ ಬೇರೆ ಕಡೆ ಮುಖ ಮಾಡಿ ನಿಂತರು. ಆಮೇಲೆ ನೆನಪಾಗಿ ನನಗೂ “ಅಕ್ಕೋರ, ನಿಮಗ ಬಂತ್ರ್ಯಾ?” ಎಂದರು. ಪೇಟಿಯ ನಂತರದ ಸ್ಥಾನ ನನಗೆ ಸಿಕ್ಕ ಒಂದೇ ಕ್ಷಣ ಅದು.

ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಿ, ಉಗಾರದ ಮೇಲಿಂದ ಅಥಣಿ ಮುಟ್ಟಿದಾಗ ನಾಲ್ಕು ದಾಟಿತ್ತು. ಚಪ್ಪಲಿ ಅಂಗಡಿಗಳ ಮುಂದೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಮಾಸ್ತರರ ಕಾಲಿಗೆ ಎರಗಿದಳು. ಇವರು ದಿಟ್ಟಿಸಿ ನೋಡಿದರು, ಹೆಸರು ನೆನಪಾಗಲಿಲ್ಲ. ಆಮೇಲೆ ಮುಖ ಅರಳಿತು: “ನೀ ಕಾಳಿ ಐದಲ್ಲ?”

ಪೇಟಿಯ ಐದನೇ ಕರಿ ಮಣೆ ಆಕೆಯ ಶ್ರುತಿ. ಇವರಿಗೆ ಹುಡುಗಿಯರ ಹೆಸರು ಉಳಿಯುವುದಿಲ್ಲ, ಪಟ್ಟಿ ಉಳಿಯುತ್ತದೆ. ಆಕೆ ನಕ್ಕಳು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆ ಪಾಸು ಮಾಡಿಸಿದ್ದರಂತೆ, ಮುಂದಿನ ಪರೀಕ್ಷೆಗೆ ಫಾರ್ಮೂ ತುಂಬಿಸಿದ್ದರಂತೆ. ಅಷ್ಟರಲ್ಲಿ ಮದುವೆ.

“ಹಾಡತಿಯಿಲ್ಲೋ ಈಗ?”

“ಎಲ್ಲೀದ್ರಿ ಸರ. ಇವನ್ನ ಮಲಗಸಾಕ ಏನೋ ಒಂದ್ ಅಂತೀನಿ.”

“ಅದನ್ನಾರ ಕಾಳಿ ಐದರಾಗ ಅನ್ನು” ಎಂದು ಗದರಿಸಿ ಮಾಸ್ತರರು ಬಿರಬಿರನೆ ನಡೆದುಬಿಟ್ಟರು. ಹತ್ತನೇತ್ತೆ ಮುಗಿಯುತ್ತಲೇ ತಂಡದ ಅರ್ಧ ಖಾಲಿ. ಮರುವರ್ಷ ಎಂಟನೇತ್ತೆಯವರನ್ನು ಹಿಡಿದು ಮತ್ತೆ ‘ಸಾ’ದಿಂದ ಶುರು. ಊರಿಗೆ ಇವರು ಕಲಿಸಿದ ಹಾಡು ಗೊತ್ತು, ಹಾಡಿದವರು ಎಲ್ಲಿ ಹೋದರೆಂದು ಇವರೊಬ್ಬರೇ ಲೆಕ್ಕ ಇಟ್ಟಿದ್ದಾರೆ, ಅದೂ ಕರಿ ಬಿಳಿ ಮಣೆಗಳಲ್ಲಿ. ಇಷ್ಟು ಯೋಚಿಸುವ ಹೊತ್ತಿಗೆ ನನ್ನ ಕಣ್ಣು ತುಸು ಒದ್ದೆಯಾಗುವುದರಲ್ಲಿತ್ತು. “ಅಕ್ಕೋರ, ಪೇಟಿ ತಗೊಂಡ್ ಬರ್ರಿ!” ಎಂಬ ಕೂಗು ಬಂದು ಅದು ತಪ್ಪಿತು.

ಕಾಗವಾಡದಲ್ಲಿ ಗಣ್ಯರು ತಡವಾಗಿ ಬಂದರು, ಐದು ಹಾಡು ಎರಡಕ್ಕೆ ಇಳಿಯಿತು. ಮಾಸ್ತರರಿಗೆ ಅದರ ಚಿಂತೆಯಿಲ್ಲ; ಗಡಿ ದಾಟಿದರೆ ಮಿರಜ, ಒಂದು ರೀಡ್ ತೋರಿಸಿಕೊಂಡು ಬಂದುಬಿಡೋಣ ಎಂಬ ಹಟ. ಸಿತಾರ್, ತಂಬೂರಿ ತಯಾರಾಗುವ ಊರು, ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಜಗತ್ತಿನಲ್ಲಿ ಕೆಟ್ಟದ್ದೆಲ್ಲ ಅಲ್ಲಿ ರಿಪೇರಿಯಾಗುತ್ತದೆಂದು ಅವರ ನಂಬಿಕೆ. ಹುಡುಗಿಯರ ಅಪ್ಪಂದಿರ ಫೋನು ನನಗೆ ಬರುತ್ತಿವೆ ಎಂದು ಹೇಳಿ ಟೆಂಪೋ ತಿರುಗಿಸಿದೆ.

ಅಂಕಲಿಯ ಈಚೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡೆರಡು ಟ್ರೇಲರ್, ಪ್ರತಿಯೊಂದಕ್ಕೂ ಆಳೆತ್ತರದ ಸ್ಪೀಕರ್, ಎದೆ ನಡುಗಿಸುವ ಡಿಜೆ ಹಾಡು. ಮುಂದೆ ಹೋಗಲು ಜಾಗವಿಲ್ಲ. ಇಡೀ ದಿನ ನಾಡಗೀತೆಯ ಎರಡನೇ ಚರಣಕ್ಕೆ ದನಿ ಎತ್ತದ ಹುಡುಗಿಯರು, ಹೇಳದೆ ಕೇಳದೆ, ಒಬ್ಬಳೂ ತಾಳ ತಪ್ಪದೆ, ಟ್ರ್ಯಾಕ್ಟರಿನ ಹಾಡಿಗೆ ದನಿಗೂಡಿಸಿಬಿಟ್ಟರು. ಈಗ ಸಿಡಿಲು ಬೀಳುತ್ತದೆಂದು ನಾನು ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡೆ.

ಮಾಸ್ತರರು ಕಣ್ಣು ಮುಚ್ಚಿ ಒಂದು ಸುತ್ತು ಪೂರ್ತಿ ಕೇಳಿದರು.

“ನಿಲ್ಲಸ್ರಿ. ಅಲ್ಲಿ ಗಂಧಾರ ಕೋಮಲ ಐತಿ, ನೀವು ಶುದ್ಧ ಹಚ್ಚಾಕತ್ತೀರಿ. ಅಕ್ಕೋರ, ಸ್ವಲ್ಪ ಹಿಡೀರಿ.”

ಪೇಟಿ ನನ್ನ ತೊಡೆಯ ಮೇಲೆ ಬಂದು ಕೂತಿತು. ಪಕ್ಕದ ಟ್ರ್ಯಾಕ್ಟರಿನ ಡ್ರೈವರ್ ಏನು ನಡೆದಿದೆ ಎಂದು ಇಣುಕಿದ. “ಏ ತಮ್ಮಾ, ಮತ್ತೊಮ್ಮಿ ಮೊದಲಿಂದ ಹಚ್ಚು!” ಎಂದು ಮಾಸ್ತರರು ಕಿಟಕಿಯಿಂದ ಕೈ ಬೀಸಿದರು.