ದ್ವಿಖಂಡ ಕವಾಟ ಮೀಮಾಂಸೆ: ಒಂದು ಬಹುಶಿಸ್ತೀಯ ಅಧ್ಯಯನ

ಉದ್ದೇಶ: ಗೃಹಾಂತರ್ಗತ ಕವಾಟದ ಸಮತಲೀಯ ವಿಭಜನೆಯ ಮೂಲಕ ಪ್ರವೇಶ-ನಿಷೇಧಗಳ ಅಧಿಕಾರ ಸಂಕಥನವನ್ನು ನಿರಚನಗೊಳಿಸುವುದು. ಪಾಮರರ ಮಾತಿನಲ್ಲಿ, ಅಡುಗೆಮನೆಯ ಬಾಗಿಲನ್ನು ನಡುವೆ ಅಡ್ಡ ಕೊಯ್ದು, ಮೇಲಿನರ್ಧ ತೆರೆದು ಕೆಳಗಿನರ್ಧ ಮುಚ್ಚಿಡುವುದು. ಅಂಬೆಗಾಲಿನ ಮಗು ಒಲೆಯ ಹತ್ತಿರ ಬಾರದು, ಒಳಗಿದ್ದವರಿಗೆ ಗಾಳಿಯೂ ಮಾತೂ ತಪ್ಪದು. ಇಷ್ಟನ್ನು ಇಷ್ಟರಲ್ಲೇ ಹೇಳಿದವರಿಗೆ ಪಿಎಚ್.ಡಿ. ಕೊಡುವುದಿಲ್ಲವಾದ್ದರಿಂದ ಮುಂದುವರಿಯುತ್ತೇನೆ.

ಪೂರ್ವಾಧ್ಯಯನ ಸಮೀಕ್ಷೆ: 17ನೇ ಶತಮಾನದ ಹಾಲೆಂಡಿನಲ್ಲಿ ಇಂಥ ಬಾಗಿಲು ಮಾಮೂಲು. ಕೋಳಿ, ಹಂದಿ ಹೊರಗೇ ಉಳಿದು ಬೆಳಕು ಮಾತ್ರ ಒಳಬರಲೆಂಬ ಉಪಾಯ. ಅಲ್ಲಿಂದ ವಲಸೆ ಹೋದವರು ಅದನ್ನು ಅಮೆರಿಕದ ಹಡ್ಸನ್ ಕಣಿವೆಗೂ ಒಯ್ದರು. ಡಚ್ ಡೋರ್ ಎಂಬ ಹೆಸರು ನಿಂತಿತು. ಶಿಕಾಗೊದ ಕಲಾ ಸಂಗ್ರಹಾಲಯದಲ್ಲಿ, ರೆಂಬ್ರಾಂಟನ ಹೆಸರಿನೊಂದಿಗೆ ಬೆಸೆದ 1645ರ ಚಿತ್ರವೊಂದಿದೆ. ಅರೆಬಾಗಿಲ ಮೇಲೆ ಕೈಯೂರಿ ಹುಡುಗಿಯೊಬ್ಬಳು ನಿಂತಿದ್ದಾಳೆ. ವಿದ್ವಾಂಸರ ಕೈಗೆ ಸಿಕ್ಕರೆ ಅವಳು ‘ಹೊಸ್ತಿಲ ಅಸ್ಮಿತೆಯ ರೂಪಕ’. ನನ್ನ ಕಣ್ಣಿಗೆ, ಯಾರು ಬಂದರೆಂದು ನೋಡುತ್ತಿದ್ದಾಳೆ.

ತಾತ್ತ್ವಿಕ ವರ್ಗೀಕರಣ: ಬಾಗಿಲುಗಳು ಐದು ಬಗೆ. ಒಂದನೆಯದು ಅದ್ವೈತ ಕವಾಟ. ಇದರಲ್ಲಿ ಮೇಲು-ಕೆಳಗೆಂಬುದು ಮಿಥ್ಯೆ; ತೆರೆದರೆ ಪೂರ್ಣ, ಮುಚ್ಚಿದರೂ ಪೂರ್ಣ. ಎರಡನೆಯದು ವಿಶಿಷ್ಟಾದ್ವೈತ. ತುಂಡು ಎರಡಾದರೂ ನಡುವಿನ ಚಿಲಕ ಬಿದ್ದಾಗ ಒಂದೇ ಬಾಗಿಲು. ಮೂರನೆಯದು ದ್ವೈತ, ಅಂದರೆ ಆ ಚಿಲಕ ಮುರಿದುಹೋದದ್ದು. ಮಧ್ವಾಚಾರ್ಯರ ಪಂಚಭೇದಗಳಲ್ಲಿ ಜಡ-ಜಡ ಭೇದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಕನಕನ ಕಿಂಡಿಯನ್ನೂ ಅರೆಬಾಗಿಲಿನ ಪೂರ್ವರೂಪವೆಂದು ಸಾಧಿಸುವ ಆಸೆಯಿತ್ತು. ಉಡುಪಿಯವರ ಭಯದಿಂದ ಕೈಬಿಟ್ಟಿದ್ದೇನೆ. ನಾಲ್ಕು ಮತ್ತು ಐದನೆಯ ಬಗೆಗಳನ್ನು ಯಾವ ಪರೀಕ್ಷಕರೂ ಕೇಳುವುದಿಲ್ಲ.

ವಿಧಾನಶಾಸ್ತ್ರ: ಮೊದಲು ಇಡೀ ಬಾಗಿಲನ್ನೇ ನಾಲ್ಕು ಬಿಜಾಗರಿ ಹಾಕಿ ಚೌಕಟ್ಟಿಗೆ ಕೂರಿಸಬೇಕು, ಆಮೇಲೆ ಕೊಯ್ಯಬೇಕು. ಕೊಯ್ದು ಕೂರಿಸಲು ಹೊರಟರೆ ಎರಡು ತುಂಡು ಒಂದೇ ಗೆರೆಗೆ ಬರುವುದು ಕಷ್ಟ. ಅಂಗಡಿಯ ಅಗ್ಗದ ಟೊಳ್ಳು ಬಾಗಿಲಾದರೆ ಕೊಯ್ದ ಕಡೆ ಜೇನುಗೂಡಿನಂಥ ರಟ್ಟು ಕಾಣುತ್ತದೆ. ಆ ಬಾಯಿಗೆ ಮರದ ಪಟ್ಟಿ ತುಂಬಿ ಅಂಟಿಸದೆ ಗತಿಯಿಲ್ಲ. ಎರಡು ತುಂಡು ಸೇರುವಲ್ಲಿ ಅರ್ಧರ್ಧ ದಪ್ಪಕ್ಕೆ ಕಚ್ಚು ತೆಗೆಯಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಆಚೆಕಡೆ ಕಾಣುತ್ತದೆ. ಬಾಗಿಲು ಯಾವ ಕಡೆ ತೆರೆಯುವುದೋ ಆ ಕಡೆಗೇ ಮೇಲಿನ ತುಂಡಿನ ತುಟಿ ಇಳಿಯಬೇಕು. ತಿರುವುಮುರುವಾದರೆ ಮೇಲಿನದನ್ನು ಎಳೆದಾಗ ಕೆಳಗಿನದೂ ಜೊತೆಗೇ ಬರುತ್ತದೆ, ಮಗು ನೇರ ಒಲೆಗೆ. ಮಳೆಗಾಲದಲ್ಲಿ ಮರ ಊದಿಕೊಂಡು ಎರಡೂ ಕಚ್ಚಿಕೊಳ್ಳದಿರಲು ಸುಮಾರು 3 ಮಿ.ಮೀ. ಸಂದು ಬಿಡಬೇಕು. ಹಲಸೋ ತೇಗವೋ, ಹಸಿಮರವಂತೂ ಬೇಡ.

ಮೇಲಿನ ಪರಿಚ್ಛೇದದಲ್ಲಿ ಒಂದೂ ಪಾರಿಭಾಷಿಕ ಪದ ಬಂದಿಲ್ಲವೆಂಬುದನ್ನು ಈಗಷ್ಟೇ ಗಮನಿಸಿದೆ. ವಿದ್ವಜ್ಜನರು ಕ್ಷಮಿಸಬೇಕು, ಅದು ಬಡಗಿಯೊಬ್ಬರು ಬೀಡಿ ಆರಿಸುತ್ತ ಹೇಳಿದ್ದು.

ಇನ್ನು ಉಪಸಂಹಾರಕ್ಕೆ ಬರಬೇಕು, ಆದರೆ ಬರೆಯಲು ಮನಸ್ಸಾಗುತ್ತಿಲ್ಲ. ‘ಶ್ರಮ ಸಂಸ್ಕೃತಿ: ಸಂಕಥನದ ನೆಲೆಗಳು’ ಎಂಬಂಥ ಶೀರ್ಷಿಕೆಯ ವಿಚಾರ ಸಂಕಿರಣವೊಂದರಲ್ಲಿ ಕೂತಿದ್ದೆ. ಪ್ರಬಂಧಗಳ ಮೇಲೆ ಪ್ರಬಂಧ, ಕುಶಲಕರ್ಮಿಯ ‘ದೇಹಸ್ಥ ಜ್ಞಾನ’ದ ಬಗ್ಗೆ. ಉಳಿ ಹಿಡಿದ ಕೈ ವೇದಿಕೆಯ ಮೇಲೆ ಒಂದೂ ಇರಲಿಲ್ಲ. ಸಭಾಂಗಣದ ಹಿಂದೆ ಒಬ್ಬರಿದ್ದರು, ಆ ವೇದಿಕೆಯನ್ನೇ ಕಟ್ಟಿದವರು. ಬಿಲ್ಲು ಪಾಸಾಗಿಲ್ಲ, ಮುಂದಿನ ತಿಂಗಳು ಬನ್ನಿ ಎಂದು ಅವರಿಗೆ ಹೇಳಿ ಕಳಿಸಲಾಯಿತು. ಅತಿಥಿಗಳ ಭತ್ಯೆಯ ಲಕೋಟೆ ಮಾತ್ರ ಮಧ್ಯಾಹ್ನವೇ ತಯಾರಿತ್ತು. ನಾಚಿಕೆಯಾಗಬೇಕಿತ್ತು ನಮಗೆ, ಹೋಳಿಗೆ ಊಟ ಮಾಡಿದೆವು.

ತುಟಿ ಯಾವ ಕಡೆ ಇಳಿಯಬೇಕೆಂದು ಬಲ್ಲವರ ಮಕ್ಕಳು ಈಗ ಆ ಕೆಲಸಕ್ಕೆ ಬರುತ್ತಿಲ್ಲ. ಯಾಕೆ ಬಂದಾರು? ಅಪ್ಪ ಕೂಲಿಗಾಗಿ ಅಲೆದದ್ದನ್ನು ಅವರು ನೋಡಿದ್ದಾರೆ. ನಾವೋ ಅವರ ಅರಿವಿನ ಮೇಲೆ ಅಡಿಟಿಪ್ಪಣಿ ಬರೆದು ಬಡ್ತಿ ಪಡೆದಿದ್ದೇವೆ.

ಆದ್ದರಿಂದ ಓದುಗರಲ್ಲಿ ವಿನಂತಿ: ಮನೆಗೆ ಅರೆಬಾಗಿಲು ಮಾಡಿಸುವುದಾದರೆ ನನ್ನ ವರ್ಗೀಕರಣವನ್ನು ಪಕ್ಕಕ್ಕಿಟ್ಟು ಬಡಗಿಯನ್ನು ಕೇಳಿ. ಅವರು ನಾಲ್ಕು ಬಿಜಾಗರಿ ಎಂದರೆ ಮೂರಕ್ಕೆ ಚೌಕಾಸಿ ಮಾಡಬೇಡಿ. ಕೆಲಸ ಮುಗಿದ ಸಂಜೆಯೇ ಕೂಲಿ ಕೊಟ್ಟುಬಿಡಿ.