ದೂರದಿಂದ ಮಳೆ ನೋಡುವ ವಿಧಾನ

ಮನೆಯ ಹವಾಮಾನ ಕೇಂದ್ರ ಎಂದರೆ ಅಂಗಳದ ಕಂಬದ ಮೇಲೊಂದು ಮಳೆಮಾಪಕ, ಜಗಲಿಯ ಗೋಡೆಯಲ್ಲಿ ಅಂಗೈಯಗಲದ ಕಂಪ್ಯೂಟರು, ಎರಡರ ನಡುವೆ ಒಂದು ವೈರು. ಮಾಪಕದೊಳಗೆ ಜೋಡಿ ಬಟ್ಟಲುಗಳಿರುತ್ತವೆ. ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೇಳುತ್ತದೆ. ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಪ್ರತಿ ಮಗುಚುವಿಕೆಗೂ 0.2 ಮಿ.ಮೀ. ಮಳೆಯ ಲೆಕ್ಕ. 100 ಮಿ.ಮೀ. ಸುರಿದ ದಿನ ಬಟ್ಟಲು 500 ಸಲ ಮಗುಚಬೇಕು. ಆಷಾಢದ ಮಲೆನಾಡಿನಲ್ಲಿ ಅದಕ್ಕೆ ಪುರುಸೊತ್ತು ಸಿಗುವುದು ಅಪರೂಪ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ತೋಟದವರಿಗೆ ಮಳೆಯ ಲೆಕ್ಕ ಬರೀ ಹವ್ಯಾಸವಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು ಮಳೆ ಹೊಳವಾಗಬೇಕು, ಹೊಳವಾದ ದಿನವೇ ಮರ ಹತ್ತುವ ಕೊನೆಗೌಡನೂ ಸಿಗಬೇಕು. ಈ ತೀರ್ಮಾನವನ್ನು ಅಪ್ಪ ಜಗಲಿಯಲ್ಲಿ ಕೂತು ಆಕಾಶ ನೋಡಿ ಮಾಡುತ್ತಾರೆ. ಕೇಂದ್ರವನ್ನು ತಂದು ಕೂರಿಸಿದ ಮಗ ಅದನ್ನೇ ಬೆಂಗಳೂರಿನ ಆಫೀಸಿನಲ್ಲಿ ಕೂತು ಪರದೆ ನೋಡಿ ಮಾಡಬಯಸುತ್ತಾನೆ. ಆದ್ದರಿಂದ ಈ ವಿಷಯದ ತಾಂತ್ರಿಕ ಅಧ್ಯಯನ ಅಗತ್ಯವಾಗುತ್ತದೆ.

ಪರದೆಯ ಮೇಲೆ ಏನೂ ಮೂಡದಿದ್ದಾಗ ಮೊದಲು ನೋಡಬೇಕಾದ್ದು ಕರೆಂಟು. ಮಳೆಗಾಲದಲ್ಲಿ ಕರೆಂಟು ಇದೆ, ಇಲ್ಲ ಎಂಬ ಎರಡು ಸ್ಥಿತಿಗಳಿಗಿಂತ ‘ಬಂದು ಹೋಯ್ತು’ ಎಂಬ ಮೂರನೆಯದೇ ಹೆಚ್ಚು, ಕಂಪ್ಯೂಟರಿಗೆ ಅಪಾಯಕಾರಿಯೂ ಅದೇ. ಏನನ್ನೋ ಬರೆದುಕೊಳ್ಳುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡು ಕೆಡಬಹುದು. ಇಂಥ ಕೆಲಸಕ್ಕೆ ಬಹಳ ಜನ ಬಳಸುವ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮೊದಲ ನಾಲ್ಕು ಪೀಳಿಗೆಗಳಲ್ಲಿ ಗಡಿಯಾರದ ಚಿಪ್ಪೂ ಇರಲಿಲ್ಲ. ಕರೆಂಟು ಬಂದಾಗ ಎದ್ದ ಯಂತ್ರ, ಇಂಟರ್ನೆಟ್ಟಿನಲ್ಲಿ ಸಮಯ ಕೇಳಿ ತಿಳಿಯುವವರೆಗೂ ಕರೆಂಟು ಹೋದ ಗಳಿಗೆಯ ಆಸುಪಾಸಿನಲ್ಲೇ ಇರುತ್ತದೆ. ಆ ಮಧ್ಯೆ ಹೊಸ ಸುರಕ್ಷಾ ಪ್ರಮಾಣಪತ್ರ ಯಾವುದಾದರೂ ಎದುರಾದರೆ, ಅದು ಇನ್ನೂ ಜಾರಿಗೇ ಬಂದಿಲ್ಲವೆಂದು ಹಿಂದಕ್ಕೆ ಕಳಿಸುತ್ತದೆ.

ಎರಡನೆಯದು ಫೈಬರ್ ಕೇಬಲ್ಲು. ಇದು ಕಂಬವಿದ್ದಲ್ಲಿ ಕಂಬಕ್ಕೂ ಇಲ್ಲದಲ್ಲಿ ಮರಕ್ಕೂ ಜೋತುಬಿದ್ದು ಮನೆ ಸೇರುತ್ತದೆ. ಇದರ ತಪಾಸಣೆ ಫೋನಿನಲ್ಲಿ ನಡೆಯುತ್ತದೆ.

“ಅಪ್ಪ, ಆ ಬಿಳಿ ಡಬ್ಬಿಲಿ ಕೆಂಪು ದೀಪ ಏನಾದ್ರೂ ಉರೀತಾ ಇದ್ಯಾ?”

“ಎಲ್ಲಾ ದೀಪಾನೂ ಚೆಂದ ಉರೀತಾ ಇದೆ ಮಾರಾಯ.”

ಎಲ್‌ಒಎಸ್ ಎಂದು ಬರೆದಿರುವ ಕೆಂಪು ದೀಪವೂ ಈ ಚೆಂದದಲ್ಲಿ ಸೇರಿರುತ್ತದೆ. ಅದು ಮಿನುಗಿದರೆ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ, ಸಾಮಾನ್ಯವಾಗಿ ಕೇಬಲ್ಲಿನ ಮೇಲೆ ಎಲ್ಲೋ ಮರ ಬಿದ್ದಿದೆ ಎಂದರ್ಥ.

ಮನೆಯಲ್ಲಿ ಎಲ್ಲ ಸರಿಯಿದ್ದರೆ ಮುಂದಿನ ತೊಡಕು ವಿಳಾಸದ್ದು. ಹಬ್ಬಕ್ಕೆ ಊರಿಗೆ ಬಂದ ಮಗ 192.168 ಎಂದು ಶುರುವಾಗುವ ವಿಳಾಸ ಒತ್ತಿ, ಮಳೆಯ ಗ್ರಾಫು ತೋರಿಸಿ, ನೆಂಟರಿಂದ ಶಹಬ್ಬಾಸ್ ಅನ್ನಿಸಿಕೊಂಡು ರಾತ್ರಿ ಬಸ್ಸು ಹತ್ತುತ್ತಾನೆ. ಬೆಳಿಗ್ಗೆ ಬೆಂಗಳೂರಿನ ಕೋಣೆಯಲ್ಲಿ ಅದೇ ವಿಳಾಸ ಒತ್ತಿದರೆ ತೆರೆದುಕೊಳ್ಳುವುದು ಅಲ್ಲಿಯ ಪ್ರಿಂಟರು. ಈ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಿಕೊಳ್ಳಲೆಂದೇ ಬಿಟ್ಟಿದ್ದಾರೆ, 1996ರ ನಿಯಮದಲ್ಲೂ ಹಾಗೆಯೇ ಇದೆ. ಹೊರಜಗತ್ತಿಗೆ ಕಾಣುವ ವಿಳಾಸ ರೂಟರಿನದು ಮಾತ್ರ. ಅದರ ನ್ಯಾಟ್ ವ್ಯವಸ್ಥೆ ಇಡೀ ಊರಿಗೆ ಕೇರಾಫ್ ಆಗಿರುವ ಅಂಗಡಿಯಂತೆ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ಸರಿಯಾದ ಮನೆಗೇ ಮುಟ್ಟಿಸುತ್ತದೆ. ಯಾರೂ ಕೇಳದೆ ತಾನಾಗಿ ಬಂದ ಕಾಗದ ಯಾರದೆಂದು ತಿಳಿಯದೆ ಎಸೆಯುತ್ತದೆ.

ಇದಕ್ಕೆ ಪುಸ್ತಕಗಳು ಹೇಳುವ ಮದ್ದು ಪೋರ್ಟ್ ಫಾರ್ವರ್ಡಿಂಗ್. ಇಂಥ ಪೋರ್ಟಿಗೆ ಬಂದದ್ದನ್ನು ಇಂಥ ಯಂತ್ರಕ್ಕೆ ಕೊಡು ಎಂದು ರೂಟರಿಗೆ ಬರೆದಿಡುವುದು. ಬರೆದಿಟ್ಟ ಮೇಲೂ ಏನೂ ಬರುವುದಿಲ್ಲ, ಏಕೆಂದರೆ ರೂಟರಿನವರೆಗೆ ಬರುವವರೇ ಇಲ್ಲ. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಅದರ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಹೀಗಾಗಿ ಸೇವಾ ಕಂಪನಿಗಳು ತಾವೂ ಒಂದು ದೊಡ್ಡ ನ್ಯಾಟ್ ಇಟ್ಟುಕೊಂಡು, ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿವೆ. ಗುರುತು ಹಿಡಿಯುವುದು ಸುಲಭ. ರೂಟರು ತನ್ನದೆಂದು ಹೇಳುವ ಹೊರವಿಳಾಸಕ್ಕೂ, ಜಾಲತಾಣವೊಂದು ‘ನಿಮ್ಮ ವಿಳಾಸ’ ಎಂದು ತೋರಿಸುವುದಕ್ಕೂ ತಾಳೆಯಾಗದಿದ್ದರೆ ಮನೆ ಇಂಥ ನ್ಯಾಟ್‌ನ ಹಿಂದಿದೆ. ರೂಟರಿನದು 100.64ರಿಂದ 100.127ರ ನಡುವಿನದಾದರೆ ಸಂಶಯವೇ ಬೇಡ, ಆ ಸಾಲನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ಗ್ರಾಹಕ ಸೇವೆಗೆ ಫೋನು ಮಾಡಿ ಇದನ್ನೆಲ್ಲ ವಿವರಿಸಿದರೆ, “ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ ಸರ್” ಎಂಬ ಪರಿಹಾರ ದೊರೆಯುತ್ತದೆ. ಸ್ಥಿರ ವಿಳಾಸ ಕೊಡಿ ಎಂದು ಪಟ್ಟು ಹಿಡಿದರೆ ದುಡ್ಡಿನ ಮಾತು ಬರುತ್ತದೆ. ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ. ಆದರೆ ಅದು ಎರಡು ತುದಿಯಲ್ಲೂ ಇರಬೇಕು, ಮನೆಯ ರೂಟರಿನ ಫೈರ್‌ವಾಲ್ ಕೂಡ ಒಪ್ಪಬೇಕು.

ಮನೆಯ ನ್ಯಾಟ್, ಕಂಪನಿಯ ನ್ಯಾಟ್ ಎರಡು ಗೋಡೆಗಳಾದರೆ ಮೂರನೆಯ ಗೋಡೆ ಆಫೀಸಿನದು. ಅಲ್ಲಿಯ ಫೈರ್‌ವಾಲ್ ಅನೇಕ ಕಡೆ ಹೊರಗೆ ಬಿಡುವುದು ಜಾಲತಾಣಗಳ 80 ಮತ್ತು 443ನೇ ಪೋರ್ಟುಗಳನ್ನು ಮಾತ್ರ. ವೈರ್‌ಗಾರ್ಡ್ ಎಂಬ ಜನಪ್ರಿಯ ವಿಪಿಎನ್ ಸುರಂಗ ಯುಡಿಪಿ ಎಂಬ ಪದ್ಧತಿಯ ಮೇಲೆ, ವಾಡಿಕೆಯಂತೆ 51820ನೇ ಪೋರ್ಟಿನಲ್ಲಿ ಓಡುವುದರಿಂದ ಬಾಗಿಲಲ್ಲೇ ನಿಲ್ಲುತ್ತದೆ. ತಪ್ಪು ಯಾವ ತುದಿಯದೆಂದು ತಿಳಿಯಲು ಸ್ವಂತ ಮೊಬೈಲ್ ಡೇಟಾದಲ್ಲಿ ನೋಡಬೇಕು. ಮೊಬೈಲಿನಲ್ಲಿ ಬಂದು ಆಫೀಸಿನ ವೈಫೈಯಲ್ಲಿ ಬಾರದಿದ್ದರೆ ತಪ್ಪು ಆಫೀಸಿನದು. ಎರಡರಲ್ಲೂ ಬಾರದಿದ್ದರೆ ಮತ್ತೆ ಅಪ್ಪನಿಗೆ ಫೋನು. ಆಫೀಸಿನ ಗೋಡೆಗೆ ಕನ್ನ ಕೊರೆಯುವುದು ತಾಂತ್ರಿಕವಾಗಿ ಸಾಧ್ಯ. ಊರಿಗೆ ಖಾಯಂ ಮರಳಿ ಮಳೆಯನ್ನು ಕಣ್ಣಾರೆ ನೋಡುವ ಯೋಗವೂ ಅದರಿಂದ ಬೇಗ ಕೂಡಿಬರುತ್ತದೆ.

ಇಷ್ಟು ಗೋಡೆಗಳಿಗೂ ಒಂದು ಸಮಾನ ಗುಣವಿದೆ: ಒಳಗಿನಿಂದ ಹೊರಗೆ ಹೋಗುವವರನ್ನು ಅವು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಮಗ ಕೇಂದ್ರವನ್ನು ಹುಡುಕಿಕೊಂಡು ಹೋಗುವ ಬದಲು ಕೇಂದ್ರವೇ ಹೊರಬಂದು ವರದಿ ಒಪ್ಪಿಸಬೇಕು. ಇದಕ್ಕೆ ಒದಗುವ ಎಂಕ್ಯುಟಿಟಿ ಎಂಬ ಸಂದೇಶ ಪದ್ಧತಿ 1999ರಲ್ಲಿ ಹುಟ್ಟಿದ್ದು ತೈಲ ಕೊಳವೆಗಳನ್ನು ಉಪಗ್ರಹದ ಮೂಲಕ ಕಾಯಲು. ದುಬಾರಿ, ಸಪೂರ ಸಂಪರ್ಕಕ್ಕೆ ಹೊಲಿದ ಅಂಗಿ ಮಲೆನಾಡಿಗೂ ಸರಿಹೊಂದುತ್ತದೆ. ಕೇಂದ್ರ ತನ್ನ ಅಂಕಿಗಳನ್ನು ಬಾಡಿಗೆ ಸರ್ವರಿಗೆ ಕಳಿಸುತ್ತದೆ, ಮಗ ಅಲ್ಲಿಂದ 443ರ ಮೂಲಕ ಸಾಮಾನ್ಯ ಜಾಲಪುಟದಂತೆ ಓದುತ್ತಾನೆ. ಕೇಂದ್ರದ ಒಳಹೊಕ್ಕು ರಿಪೇರಿ ಮಾಡಬೇಕಾದಾಗ ಮಾತ್ರ ಸ್ವಂತ ಮೊಬೈಲಿನಿಂದ ಸುರಂಗ ಬಳಸಬಹುದು, ಅದನ್ನೂ ಕೇಂದ್ರವೇ ಸರ್ವರಿನತ್ತ ತೋಡಿಟ್ಟಿರಬೇಕು. ಸುಮ್ಮನಿದ್ದ ಸಂಪರ್ಕವನ್ನು ನ್ಯಾಟ್ ಬೇಗ ಮರೆಯುವುದರಿಂದ, 25 ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನುತ್ತಿರುವಂತೆ ವೈರ್‌ಗಾರ್ಡಿಗೆ ಹೇಳಿಡುವುದು ವಾಡಿಕೆ. ಬಾಗಿಲು ತೆರೆದಿಡದ ಈ ವಿಧಾನಕ್ಕೆ ಇನ್ನೊಂದು ಲಾಭವೂ ಇದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡು ಜಗತ್ತಿಗೆ ತೆರೆದುಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ದಂಡು ಕಟ್ಟಿಕೊಂಡು ದಾಳಿಗೆ ಹೊರಟಿತ್ತು. ಮಳೆಮಾಪಕ ಅಂಥ ದಂಡು ಸೇರುವುದು ಮನೆತನಕ್ಕೆ ಶೋಭೆಯಲ್ಲ.

ಕೊನೆಯ ದೋಷ ಎಲ್ಲವೂ ಸರಿಹೋದ ಮೇಲೆ ಕಾಣಿಸಿಕೊಳ್ಳುತ್ತದೆ. ಸಂಪರ್ಕ ಗಟ್ಟಿಯಾಗಿದೆ, ಗ್ರಾಫು ಬಂದಿದೆ, ಮಳೆ ಸೊನ್ನೆ. “ಹೊಳವಾಗಿದೆ ಅಪ್ಪ, ಮದ್ದು ಹೊಡೆಸು” ಎಂದು ಮಗ ಫೋನಿನಲ್ಲಿ ಕೂಗುತ್ತಾನೆ. ಹಂಚಿನ ಮೇಲಿನ ಮಳೆಯ ಸದ್ದಿಗೆ ಅಪ್ಪನಿಗೆ ಅದು ಕೇಳಿಸುವುದಿಲ್ಲ. ಇದು ಮಾಪಕದ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡಿರುವ, ಇಲ್ಲವೇ ಜೇಡವೋ ಇರುವೆಯೋ ಬಟ್ಟಲಿನಲ್ಲಿ ಸಂಸಾರ ಹೂಡಿರುವ ಲಕ್ಷಣ. ದೂರದಿಂದ ಮಾಡಬಹುದಾದ ಚಿಕಿತ್ಸೆ ಇದಕ್ಕಿಲ್ಲ. ಏಣಿ ಇಟ್ಟು ಹತ್ತಿ, ಮೆತ್ತಗಿನ ಬ್ರಷ್ಷಿನಿಂದ ಗುಡಿಸಿ, ಮಾಪಕ ಮಟ್ಟಸವಾಗಿ ಕೂತಿದೆಯೇ ಎಂದು ನೋಡಿ ಇಳಿಯಬೇಕು. ಗುಡಿಸುವಾಗ ಕೈತಾಗಿ ಬಟ್ಟಲು ಹತ್ತು ಸಲ ಮಗುಚಿದರೆ 2 ಮಿ.ಮೀ. ಮಳೆ ದಾಖಲಾಗುತ್ತದೆ. ಅದನ್ನು ಆ ದಿನದ ಲೆಕ್ಕದಿಂದ ಕಳೆಯತಕ್ಕದ್ದು.